ತಜ್ಞರು ಒರೆಗೆ ಹಚ್ಚದ ಸಂಶೋಧನೆ ಪೇಪರ್‌ನಲ್ಲಿ ಬರಬೇಕಾ?

ಬೇರೆ ವಿಜ್ಞಾನಿಗಳು ಓದಿ ತಪ್ಪು-ಒಪ್ಪು ನೋಡುವ ಮೊದಲೇ ಸಂಶೋಧಕರು ತಮ್ಮ ವರದಿಯನ್ನು ಆನ್‌ಲೈನ್‌ನಲ್ಲಿ ಹಾಕುತ್ತಾರೆ. ಅದೇ ಪ್ರಿಪ್ರಿಂಟ್. ಕೋವಿಡ್ ಕಾಲದ ಔಷಧ, ಲಸಿಕೆ ಸುದ್ದಿಗಳಲ್ಲಿ ಎಷ್ಟೋ ಬಂದದ್ದು ಇಂಥವುಗಳಿಂದಲೇ. ಮುಂದೆ ಇಂಥ ರೋಗ ಬಂದಾಗ ಪತ್ರಿಕೆಗಳು ಇವನ್ನು ಬರೆಯಬೇಕಾ, ಬೇಡವಾ? ಕೊಪ್ಪಳದ ಜೀವಶಾಸ್ತ್ರ ಉಪನ್ಯಾಸಕಿಯೊಬ್ಬರು ಮತ್ತು ಬಳ್ಳಾರಿಯ ಔಷಧ ಅಂಗಡಿ ಮಾಲೀಕರೊಬ್ಬರು ಉತ್ತರಿಸಿದ್ದಾರೆ.

ಪರ: ಕಾಯುತ್ತಾ ಕೂತರೆ ರೋಗ ಕಾಯುತ್ತದಾ?

‘ಪರ’ ಬರೆಯಲು ಇನ್ಯಾರೂ ಸಿಗಲಿಲ್ಲವಂತೆ, ನನ್ನ ಪಾಲಿಗೆ ಬಂತು. ಕ್ಲಾಸಿನಲ್ಲಿ ಮಕ್ಕಳಿಗೆ ನಾನು ಹೇಳುವುದು ಇದರ ಉಲ್ಟಾ. ಇನ್ನೊಬ್ಬರು ಪರೀಕ್ಷಿಸುವ ತನಕ ಯಾವ ಫಲಿತಾಂಶವನ್ನೂ ನಂಬಬೇಡಿ ಎನ್ನುತ್ತೇನೆ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ. ಕೂತು ನೋಡಿದರೆ ಕಾರಣಗಳು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಸಿಕ್ಕವು.

ಮೊದಲು ಡೆಕ್ಸಾಮೆಥಸೋನ್ ನೋಡಿ. ಹಳೆಯ, ಅಗ್ಗದ ಸ್ಟೀರಾಯ್ಡ್. ವೆಂಟಿಲೇಟರ್‌ನಲ್ಲಿರುವ ಕೋವಿಡ್ ರೋಗಿಗಳ ಸಾವನ್ನು ಇದು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗದವರು 2020ರ ಜೂನ್ 16ರಂದು ಹೇಳಿದರು. ಆಗ ಇದ್ದದ್ದು ಬರೀ ಪತ್ರಿಕಾ ಹೇಳಿಕೆ. ಪ್ರಿಪ್ರಿಂಟ್ ಬಂದದ್ದು 22ಕ್ಕೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 27ರಂದೇ ಅದನ್ನು ಚಿಕಿತ್ಸಾ ಕ್ರಮಕ್ಕೆ ಸೇರಿಸಿತು. ತಜ್ಞರು ಓದಿ ಒಪ್ಪಿದ ಮೇಲೆ ಜರ್ನಲ್‌ನಲ್ಲಿ, ಅಂದರೆ ಸಂಶೋಧನಾ ಪತ್ರಿಕೆಯಲ್ಲಿ, ಅಚ್ಚಾದದ್ದು ಜುಲೈ 17ಕ್ಕೆ. ಸಚಿವಾಲಯವೇ ಕಾಯದೆ ಇರುವಾಗ ಪತ್ರಿಕೆಗಳು ಯಾಕೆ ಕಾಯಬೇಕು?

ಲಸಿಕೆಯದೂ ಇದೇ ಕಥೆ. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಾಗ ಅದರ ಮೂರನೇ ಹಂತದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಲಸಿಕೆ ಶೇ 77.8ರಷ್ಟು ಪರಿಣಾಮಕಾರಿ ಎಂಬ ಅಂಕಿ ಇದ್ದ ಪ್ರಿಪ್ರಿಂಟ್ ಜುಲೈನಲ್ಲಿ ಬಂತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬರುವಾಗ ನವೆಂಬರ್. ಅಷ್ಟರಲ್ಲಿ, ಅಕ್ಟೋಬರ್ 21ಕ್ಕೇ, ದೇಶದಲ್ಲಿ 100 ಕೋಟಿ ಡೋಸ್ ಮುಗಿದಿತ್ತು. ಲಸಿಕೆ ಸಾಲಿನಲ್ಲಿ ನಿಂತವರು “ಇವತ್ತು ಯಾವುದು ಹಾಕ್ತಾರ್ರೀ, ಕೋವಿಶೀಲ್ಡಾ, ಕೋವ್ಯಾಕ್ಸಿನ್ನಾ?” ಎಂದು ಕೇಳುತ್ತಿದ್ದರು. ನವೆಂಬರ್‌ನಲ್ಲಿ ಹೇಳುತ್ತೇವೆ, ಈಗ ತೋಳು ಕೊಡಿ ಎನ್ನಬೇಕಿತ್ತಾ?

ನನಗೆ ನಿಜಕ್ಕೂ ಸಿಟ್ಟು ಬರುವುದು ಪ್ಲಾಸ್ಮಾ ವಿಷಯದಲ್ಲಿ. ಗುಣವಾದವರ ಪ್ಲಾಸ್ಮಾ (ರಕ್ತದ ದ್ರವ ಭಾಗ) ಕೊಟ್ಟರೆ ಸಾವು ತಪ್ಪುವುದಿಲ್ಲ, ರೋಗ ಉಲ್ಬಣಿಸುವುದೂ ತಪ್ಪುವುದಿಲ್ಲ ಎಂದು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪ್ರಯೋಗವೇ ತೋರಿಸಿತು. 39 ಆಸ್ಪತ್ರೆ, 464 ರೋಗಿಗಳು. 2020ರ ಸೆಪ್ಟೆಂಬರ್‌ನಲ್ಲೇ ಪ್ರಿಪ್ರಿಂಟ್ ಇತ್ತು, ಅಕ್ಟೋಬರ್‌ನಲ್ಲಿ ಜರ್ನಲ್‌ನಲ್ಲೂ ಬಂತು. ಮುಂದಿನ ಏಪ್ರಿಲ್‌ನಲ್ಲಿ ಏನಾಯಿತು? ನನ್ನ ಫೋನಿನಲ್ಲಿದ್ದ ಸ್ಟೇಟಸ್‌ಗಳೆಲ್ಲ ಒಂದೇ: “ಬಿ ಪಾಸಿಟಿವ್ ಪ್ಲಾಸ್ಮಾ ಅರ್ಜೆಂಟ್ ಬೇಕು.” ನಮ್ಮ ಮೈದುನ ಆಗಷ್ಟೇ ಗುಣವಾಗಿದ್ದ. ಸುಸ್ತು ಇನ್ನೂ ಬಿಟ್ಟಿರಲಿಲ್ಲ. ಯಾರೋ ಗೊತ್ತಿಲ್ಲದವರಿಗಾಗಿ ಹುಬ್ಬಳ್ಳಿಗೆ ಹೋಗಿ ಕೊಟ್ಟು ಬಂದ. ಐಸಿಎಂಆರ್ ಪ್ಲಾಸ್ಮಾವನ್ನು ಪಟ್ಟಿಯಿಂದ ತೆಗೆದದ್ದು ಮೇ 17ಕ್ಕೆ. ಆ ಪ್ರಿಪ್ರಿಂಟನ್ನು ಎಲ್ಲ ಪತ್ರಿಕೆಗಳೂ ಸೆಪ್ಟೆಂಬರ್‌ನಲ್ಲೇ ಮುಖಪುಟದಲ್ಲಿ ಹಾಕಿ, ಮತ್ತೆ ಮತ್ತೆ ಹೇಳಿದ್ದರೆ ಎಷ್ಟು ಮನೆಗಳ ಓಡಾಟ ತಪ್ಪುತ್ತಿತ್ತು!

ಇನ್ನು ತಜ್ಞರು ಓದಿದ್ದೆಲ್ಲ ಸರಿ ಎನ್ನುವುದೂ ಇಲ್ಲ. ಮಲೇರಿಯಾ, ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಬಗ್ಗೆ 2020ರ ಮೇ 22ರಂದು ಲ್ಯಾನ್ಸೆಟ್‌ನಲ್ಲೇ ಬಂದ ವರದಿಯನ್ನು ಜೂನ್ 4ಕ್ಕೆ ಹಿಂದೆ ಪಡೆದರು. ಅದರ ಅಂಕಿಅಂಶದ ಬುಡ ಯಾರಿಗೂ ಸಿಗಲಿಲ್ಲ. ಅದೇ, ಹೊಸ ವೈರಸ್‌ಗೂ ಎಚ್‌ಐವಿಗೂ ಹೋಲಿಕೆ ಇದೆ ಎಂದ ದೆಹಲಿ ಐಐಟಿಯವರ ಪ್ರಿಪ್ರಿಂಟ್ ಎರಡೇ ದಿನದಲ್ಲಿ ವಾಪಸ್ ಹೋಯಿತು. ಬಯಲಿನಲ್ಲಿ ಇಟ್ಟಿದ್ದಕ್ಕೇ ಜಗತ್ತಿನ ವಿಜ್ಞಾನಿಗಳೆಲ್ಲ ಮುಗಿಬಿದ್ದು ತಪ್ಪು ಹಿಡಿದರು.

ಇಷ್ಟೆಲ್ಲ ಹೇಳಿದರೂ, ಇಲಿಯ ಮೇಲಿನ ಪ್ರಯೋಗಕ್ಕೆ ‘ಕೊರೊನಾಗೆ ರಾಮಬಾಣ’ ಎಂದು ತಲೆಬರಹ ಕೊಡುವುದನ್ನು ಸಮರ್ಥಿಸಲು ನನ್ನ ಕೈಲಾಗುವುದಿಲ್ಲ. ಅದಕ್ಕೆ ಬೇರೆ ಯಾರನ್ನಾದರೂ ಕೇಳಿ.

ವಿರೋಧ: ಕೌಂಟರ್ ಹಿಂದೆ ನಿಂತು ನೋಡಿ

ಮೇಡಂ ಬರೆದದ್ದು ಓದಿದೆ. ದಿನಾಂಕಗಳೆಲ್ಲ ಸರಿ ಇರಬಹುದು. ಆದರೆ ಪ್ರಿಪ್ರಿಂಟ್ ಓದುವವರು ನನ್ನ ಅಂಗಡಿಗೆ ಬರುವುದಿಲ್ಲ. ಬರುವವರು ಪೇಪರ್ ಕಟಿಂಗ್‌ನ ಫೋಟೋವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಬರುತ್ತಾರೆ. ಅದರಲ್ಲಿ ತಲೆಬರಹ ಇರುತ್ತದೆ, ಮಾತ್ರೆಯ ಹೆಸರು ಇರುತ್ತದೆ. ‘ಇನ್ನೂ ಪರಿಶೀಲನೆ ಆಗಬೇಕಿದೆ’ ಎನ್ನುವ ಕೊನೆಯ ಸಾಲು ಮಾತ್ರ ಫೋಟೋದ ಹೊರಗೆ ಉಳಿದಿರುತ್ತದೆ. ಪೇಪರ್‌ನವರಿಗೇನು, ನಾಳೆಯ ಮುಖಪುಟ ತುಂಬಿದರೆ ಸಾಕು.

2020ರ ಮಾರ್ಚ್ ನೆನಪಿಸಿಕೊಳ್ಳಿ. ಫ್ರಾನ್ಸಿನಲ್ಲಿ ಬರೀ 36 ಜನರ ಮೇಲೆ ಮಾಡಿದ ಒಂದು ಅಧ್ಯಯನ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟವರಲ್ಲಿ ಐಸಿಯುಗೆ ಹೋದವರನ್ನೂ, ಸತ್ತವರನ್ನೂ ಲೆಕ್ಕದಿಂದ ಬಿಟ್ಟಿದ್ದರು. ಅದು ಜರ್ನಲ್‌ನಲ್ಲೇ ಬಂತಲ್ಲ ಎನ್ನುತ್ತೀರಾ? ಕಳಿಸಿದ ಮರುದಿನವೇ ಒಪ್ಪಿದ್ದರು. ಒಂದು ದಿನದಲ್ಲಿ ಏನು ಪರಿಶೀಲನೆ ಆದೀತು? ಅಮೆರಿಕದ ಅಧ್ಯಕ್ಷರು ಟ್ವೀಟ್ ಮಾಡಿದರು. ನಮ್ಮಲ್ಲಿ ಐಸಿಎಂಆರ್, ಕೋವಿಡ್ ರೋಗಿಗಳನ್ನು ನೋಡುವ ಸಿಬ್ಬಂದಿ ಮತ್ತು ರೋಗಿಯ ಮನೆಯವರು ಮುಂಜಾಗ್ರತೆಗೆ ತೆಗೆದುಕೊಳ್ಳಬಹುದು ಎಂದಿತು. ಊರಿಗೆ ಊರೇ ಅದನ್ನು ತನಗೇ ಹೇಳಿದ್ದು ಎಂದುಕೊಂಡಿತು.

ಆ ಮಾತ್ರೆ ನಮ್ಮಲ್ಲಿ ನಿಧಾನಕ್ಕೆ ಹೋಗುವ ಸರಕು. ಸಂಧಿವಾತದವರು ದಿನಾ ತಿನ್ನುತ್ತಾರೆ, ಅವರಿಗೆಂದೇ ನಾಲ್ಕು ಸ್ಟ್ರಿಪ್ ಇಟ್ಟಿರುತ್ತೇವೆ. ಆ ವಾರ ಇದ್ದಬದ್ದದ್ದೆಲ್ಲ ಹೋಯಿತು. ಒಬ್ಬ ಕಾಂಟ್ರಾಕ್ಟರ್ ಮನೆಮಂದಿಗೆಲ್ಲ ಚೀಟಿ ಬರೆಸಿಕೊಂಡು ಬಂದಿದ್ದರು, ಡ್ರೈವರ್‌ಗೂ ಸೇರಿಸಿ. ಚೀಟಿ ಇದ್ದ ಮೇಲೆ ಕೊಡಲ್ಲ ಅನ್ನುವುದು ಹೇಗೆ? ಮಾರ್ಚ್ 26ಕ್ಕೆ ಸರ್ಕಾರ ಅದನ್ನು ಎಚ್-1 ಪಟ್ಟಿಯ ನಿಯಮಕ್ಕೆ ತಂದಿತು. ಅಂದರೆ ಡಾಕ್ಟರ್ ಹೆಸರು, ರೋಗಿ ಹೆಸರು, ಎಷ್ಟು ಮಾತ್ರೆ ಎಂದು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಇಡೋಣ, ಬರೆಯೋಣ. ಬರೆಯಲು ಮಾತ್ರೆ ಬೇಕಲ್ಲ! ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿದರೆ “ಶಾರ್ಟ್ ಐತಿ ಅಣ್ಣಾ” ಎಂದು ಇಟ್ಟುಬಿಡುತ್ತಿದ್ದ.

ಆಗ ಕುರುಗೋಡು ಕಡೆಯ ಅಜ್ಜಿಯೊಬ್ಬರ ಮಗ ಬಂದ. ಲಾಕ್‌ಡೌನ್, ದಾರಿಯಲ್ಲಿ ಪೊಲೀಸರಿಗೆ ಆಸ್ಪತ್ರೆ ಫೈಲ್ ತೋರಿಸಿ ಬೈಕಿನಲ್ಲಿ ಬಂದಿದ್ದ. ಜೇಬಿನಿಂದ ಖಾಲಿ ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಟ್ಟ. ಇಲ್ಲ ಎಂದೆ. ಅವನು ಅಲ್ಲಿಂದಲೇ ಅಜ್ಜಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ.

“ಯಪ್ಪಾ, ಬೆರಳು ಮಡಚಾಕ ಬರವಲ್ದು. ರೊಟ್ಟಿ ಬಡಿಯಾಕ ಆಗವಲ್ದು. ಒಂದ್ ಸ್ಟ್ರಿಪ್ ಆದ್ರೂ ನೋಡಿ ಕೊಡಪ್ಪಾ.”

“ಯವ್ವಾ, ಬಂದ ಕೂಡಲೇ ನಿಂದೇ ಮೊದಲು ತೆಗೆದಿಡ್ತೀನಿ” ಎಂದೆ. ಎಲ್ಲಿಂದ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ಹೊಸಪೇಟೆಯ ಸ್ನೇಹಿತರೊಬ್ಬರು ತಮ್ಮಲ್ಲಿದ್ದ ಒಂದು ಸ್ಟ್ರಿಪ್ಪನ್ನು ಔಷಧದ ವ್ಯಾನಿನಲ್ಲಿ ಕಳಿಸಿದರು. ಆ ಮಾತ್ರೆಯಿಂದ ಆಸ್ಪತ್ರೆಯಲ್ಲಿರುವ ಕೋವಿಡ್ ರೋಗಿಗಳಿಗೆ ಪ್ರಯೋಜನವಿಲ್ಲ ಎಂದು ಜೂನ್ 5ಕ್ಕೆ ಗೊತ್ತಾಯಿತು. ಹೇಳಿದವರು ಮೇಡಂ ಹೊಗಳಿದ ಅದೇ ರಿಕವರಿ ಪ್ರಯೋಗದವರು. ಫ್ರಾನ್ಸಿನ ಅಧ್ಯಯನವನ್ನು ಜರ್ನಲ್ ಹಿಂದೆ ಪಡೆದದ್ದು 2024ರ ಡಿಸೆಂಬರ್‌ನಲ್ಲಿ. ಆ ಕಟಿಂಗ್ ಹಿಡಿದುಕೊಂಡು ಒಬ್ಬರೂ ಅಂಗಡಿಗೆ ಬರಲಿಲ್ಲ.

ಎರಡನೇ ಅಲೆಯಲ್ಲಿ ಹುಳುಗಳಿಗೆ ಕೊಡುವ ಐವರ್ಮೆಕ್ಟಿನ್ ಸರದಿ. ಕುರಿ ಸಾಕುವವರಿಗೆ ಇದು ಹಳೇ ಪರಿಚಯ. “ಇದು ನಮ್ಮ ಕುರಿಗೆ ಹಾಕೋ ಔಷಧ ಅಲ್ವೇನಣ್ಣಾ?” ಎಂದು ಒಬ್ಬ ನಕ್ಕ, ನಕ್ಕು ತನಗೂ ಎರಡು ಸ್ಟ್ರಿಪ್ ಕೇಳಿದ. ಅದನ್ನು ಬಹಳ ಹೊಗಳಿದ್ದ ಈಜಿಪ್ಟಿನ ಪ್ರಿಪ್ರಿಂಟ್ 2020ರ ನವೆಂಬರ್‌ನಲ್ಲಿ ಬಂದದ್ದು, ತೆಗೆದದ್ದು 2021ರ ಜುಲೈನಲ್ಲಿ. ಮೇಡಂ ಎರಡೇ ದಿನದಲ್ಲಿ ವಾಪಸ್ ಹೋದದ್ದನ್ನು ಹೇಳುತ್ತಾರೆ, ಎಂಟು ತಿಂಗಳು ಇದ್ದದ್ದನ್ನು ಹೇಳುವುದಿಲ್ಲ.

ಡೆಕ್ಸಾಮೆಥಸೋನ್ ಜೀವ ಉಳಿಸಿತು, ನಿಜ. ಆದರೆ ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲ ಎಂದೂ ಅದೇ ವರದಿಯಲ್ಲಿತ್ತು. ಅದನ್ನು ಯಾರು ಓದಿದರು? ಜ್ವರ ಬಂದ ಮೊದಲ ದಿನವೇ ಕೇಳಲು ಬರುತ್ತಿದ್ದರು, ಸಕ್ಕರೆ ಕಾಯಿಲೆ ಇದ್ದವರೂ. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಸ್ಟೀರಾಯ್ಡಿನ ಅತಿ ಬಳಕೆಯ ಕಡೆಗೇ ಡಾಕ್ಟರ್‌ಗಳು ಬೊಟ್ಟು ಮಾಡಿದರು. ಮೂಗಿಗೆ ನಿಂಬೆರಸ ಬಿಟ್ಟುಕೊಳ್ಳಿ ಎನ್ನುವ ಮಾತೂ ಆಗಲೇ ಹಬ್ಬಿದ್ದು. ಅದು ಯಾವ ಸಂಶೋಧನೆಯೂ ಅಲ್ಲ, ಗೊತ್ತು. ಆದರೆ ದಿನಕ್ಕೊಂದು ಮದ್ದಿನ ಸುದ್ದಿ ಓದಿ ಓದಿ ಅಭ್ಯಾಸವಾದವರಿಗೆ ಎರಡೂ ಒಂದೇ ಅಲ್ವಾ?

ಕೋವ್ಯಾಕ್ಸಿನ್ ವಿಷಯ ಬೇರೆ ಬಿಡಿ, ಅದು ಸರ್ಕಾರ ಹಾಕಿಸಿದ ಲಸಿಕೆ. ಪ್ಲಾಸ್ಮಾ ಬ್ಲಡ್ ಬ್ಯಾಂಕಿನವರ ವ್ಯವಹಾರ, ನಾನು ಮಾರುವುದಿಲ್ಲ. ನನ್ನ ತಕರಾರು ಮಾತ್ರೆಯ ಹೆಸರಿನ ಬಗ್ಗೆ. ಡಾಕ್ಟರ್‌ಗಳಿಗೆ ಪ್ರಿಪ್ರಿಂಟ್ ಬೇಕಾದರೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಓದುತ್ತಾರೆ, ತಮ್ಮ ತಮ್ಮಲ್ಲೇ ಜಗಳ ಆಡುತ್ತಾರೆ, ಸರಿ ಕಂಡರೆ ಚೀಟಿ ಬರೆಯುತ್ತಾರೆ. ಚೀಟಿ ಬಂದರೆ ನಾನು ಕೊಡುತ್ತೇನೆ. ನಡುವೆ ಪೇಪರ್‌ಗೆ ಏನು ಕೆಲಸ?