ಗೀತೆಗೆ ಗಡಿಯಾರ, ಸ್ವಾಗತಕ್ಕೆ ಪಂಚಾಂಗ

ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ರಾಜ್ಯ ಸರ್ಕಾರವು 2022ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿತು. ಕುವೆಂಪು ಅವರಿಂದ ಹೀಗೆ ಉಳಿಸಿಕೊಂಡ ಸಮಯವನ್ನು ನಮ್ಮ ಸಂಘಟಕರು ಪೋಲಾಗಲು ಬಿಡಲಿಲ್ಲ. ಅಷ್ಟನ್ನೂ ಬಡ್ಡಿ ಸಮೇತ ಸ್ವಾಗತ ಭಾಷಣಕಾರರಿಗೆ ವಹಿಸಿಕೊಟ್ಟರು. ಗೀತೆಯಿಂದ ಗಡೀಪಾರಾದ ಆಲಾಪ, ಪುನರಾವರ್ತನೆಗಳೆರಡೂ ಈಗ ಅಲ್ಲಿಯೇ ಸುಖವಾಗಿ ನೆಲೆಸಿವೆ.

ನವೆಂಬರ್ 1ರಂದು ಆರಂಭವಾಗಿ, ಚಂದಾ ವಸೂಲಿಯ ಗತಿಯನ್ನು ಅನುಸರಿಸಿ ಕೆಲವು ಬಡಾವಣೆಗಳಲ್ಲಿ ಸಂಕ್ರಾಂತಿಯ ಹೊಸ್ತಿಲವರೆಗೂ ನಡೆಯುವ ರಾಜ್ಯೋತ್ಸವದ ಯಾವ ವೇದಿಕೆಯನ್ನಾದರೂ ನೋಡಬಹುದು. ಅಲ್ಲಿ ವಿಶೇಷಣವಿಲ್ಲದೆ ಕುಳಿತವರು ಒಬ್ಬರೂ ಸಿಗುವುದಿಲ್ಲ. ಶಾಮಿಯಾನದ ಬಾಡಿಗೆ ಕೊಟ್ಟವರು 'ಅಭಿನವ ಕರ್ಣ'ರಾದರೆ, ಊಟದ ಖರ್ಚು ಹೊತ್ತವರು 'ಕೊಡುಗೈ ದಾನಿ'ಗಳು. ಮುಂದಿನ ನಗರಸಭೆ ಚುನಾವಣೆಗೆ ನಿಲ್ಲಲಿರುವ ಐವತ್ತೆಂಟರ ಹರೆಯದವರು 'ಯುವಕರ ಕಣ್ಮಣಿ'. ಸ್ವಾಗತಕಾರರು ಓದಿದ ಪಟ್ಟಿಯನ್ನೇ ಉದ್ಘಾಟಕರು ಓದುತ್ತಾರೆ, ಉದ್ಘಾಟಕರು ಓದಿದ್ದನ್ನು ಮುಖ್ಯ ಅತಿಥಿಗಳು ಓದುತ್ತಾರೆ. ಯಾರದಾದರೂ ಹೆಸರು ಬಿಟ್ಟುಹೋದರೆ ಕೂಡಲೇ ಹಿಂದಿನಿಂದ ಚೀಟಿ ಬರುತ್ತದೆ, ಭಾಷಣಕಾರರು ಕ್ಷಮೆ ಕೋರಿ ಪಟ್ಟಿಯನ್ನು ಮೊದಲಿನಿಂದ ಹಿಡಿಯುತ್ತಾರೆ. ಇಷ್ಟಾದ ಮೇಲೆ 'ಸಮಯದ ಅಭಾವವಿರುವುದರಿಂದ ಎರಡೇ ಮಾತುಗಳಲ್ಲಿ ಮುಗಿಸುತ್ತೇನೆ' ಎಂಬ ಘೋಷಣೆ ಹೊರಬೀಳುತ್ತದೆ. ಅನುಭವಸ್ಥ ಪ್ರೇಕ್ಷಕರು ಕಾಫಿ ಕುಡಿದು ಬರಲು ಎದ್ದು ಹೋಗುವುದು ಆಗಲೇ. ಏಳುವ ಸ್ವಾತಂತ್ರ್ಯವಿಲ್ಲದವರೆಂದರೆ, ಸಂಜೆ ಐದಕ್ಕೇ ಬಣ್ಣ ಹಚ್ಚಿಸಿಕೊಂಡು ನೃತ್ಯಕ್ಕೆ ಕಾದಿರುವ ಶಾಲಾ ಮಕ್ಕಳು ಮಾತ್ರ. ಭುವನೇಶ್ವರಿಯ ಪಾತ್ರಧಾರಿಯು ಕಿರೀಟ ಸಹಿತ ನಿದ್ದೆಹೋಗಿರುವಾಗ, ಆಕೆ ಸದಾ ಜಾಗೃತಳಾಗಿರಲೆಂದು ಅಧ್ಯಕ್ಷರು ಮೈಕಿನಲ್ಲಿ ಹಾರೈಸುತ್ತಿರುತ್ತಾರೆ.

ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲುಗಳನ್ನು ಕೊಡಕೂಡದೆಂದು 2021ರಲ್ಲೇ ಆದೇಶವಾಗಿದೆ. ಶಾಲಿಗಿಂತ ಉದ್ದನೆಯ 'ಸನ್ಮಾನ್ಯ'ವನ್ನು ಹೊದಿಸುವುದಕ್ಕೆ ಇನ್ನೂ ಯಾವ ನಿರ್ಬಂಧವೂ ಬಂದಿಲ್ಲ; ಅದಕ್ಕೆ ಖಜಾನೆಯಿಂದ ಖರ್ಚಿಲ್ಲವಲ್ಲ!

ಕೊನೆಗೆ ವಂದನಾರ್ಪಣೆ. ಅದೇ ಪಟ್ಟಿ, ಅವೇ ವಿಶೇಷಣಗಳು, ಹೆಸರಿನವರು ಮಾತ್ರ ಆಗಲೇ ಕಾರು ಹತ್ತಿರುತ್ತಾರೆ. 'ಇಲ್ಲಿಯವರೆಗೂ ಶಾಂತಚಿತ್ತರಾಗಿ ಕುಳಿತ ಸಮಸ್ತ ಕನ್ನಡ ಬಂಧುಗಳಿಗೆ' ಕೃತಜ್ಞತೆ ಸಲ್ಲಿಸುವ ಹೊತ್ತಿಗೆ ಎದುರಿಗೆ ಉಳಿದಿರುವವರು, ಕುರ್ಚಿಗಳನ್ನು ಎಣಿಸಿ ಲಾರಿಗೆ ತುಂಬಬೇಕಾದ ಶಾಮಿಯಾನದ ಇಬ್ಬರು ಹುಡುಗರು. ಅವರ ಹೆಸರು ವೇದಿಕೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.