ಚಟ್ನಿಗೆ ಒಂಬತ್ತು ಸೆಕೆಂಡು

ನಾನು ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೋ ಕಳಿಸುವವನು. ನನ್ನ ಕಾಲ್‌ಸೈನಿನ, ಅಂದರೆ ರೇಡಿಯೋದಲ್ಲಿ ನನ್ನ ಗುರುತಿನ ಹೆಸರಿನ, ಮೊದಲ ಮೂರು ಅಕ್ಷರ ವಿ, ಯು, 2. ಬಾಯಲ್ಲಿ ಹೇಳಿದರೆ ಒಂದು ಸೆಕೆಂಡಿನ ಕೆಲಸ. ನಿಮಿಷಕ್ಕೆ 12 ಪದದ ಮಾಮೂಲಿ ಮೋರ್ಸಿನಲ್ಲಿ, ಅಂದರೆ ಚುಕ್ಕೆ ಗೆರೆಗಳ ಸಂಕೇತದಲ್ಲಿ, ಬಡಿದರೆ ನಾಲ್ಕು ಸೆಕೆಂಡಿನೊಳಗೆ ಮುಗಿಯುತ್ತದೆ. ನಾನು ಕಳಿಸುವ ಮೋರ್ಸಿಗೆ 111 ಸೆಕೆಂಡು ಬೇಕು. ಅಷ್ಟಾದ ಮೇಲೂ ಕೇಳುವವರಿಗೆ ಗೊತ್ತಾಗುವುದು ಇಷ್ಟೇ: ಇವನ್ಯಾರೋ ಇಂಡಿಯಾದವನು. ಯಾರು ಅಂತ ತಿಳಿಯಬೇಕಾದರೆ ಇನ್ನೂ ಕಾಯಬೇಕು.

ಇದನ್ನು ಲೆಕ್ಕ ಹಾಕಿ ಹೇಳಿದವನು ನನ್ನ ಭಾಮೈದ. ಹಾಸನದಲ್ಲಿ ಕಂಪ್ಯೂಟರ್ ಕೆಲಸ, ಅವನೂ ಹ್ಯಾಮ್. ಅವನದು ವಿಸ್ಪರ್, ಪೀಚಲು ಸಿಗ್ನಲ್ಲನ್ನು ಕಂಪ್ಯೂಟರೇ ಓದಿಕೊಳ್ಳುವ ಡಿಜಿಟಲ್ ಪದ್ಧತಿ. "ಭಾವ, ನನ್ನ ವಿಸ್ಪರ್ 110.6 ಸೆಕೆಂಡಲ್ಲಿ ಹೆಸರು, ಜಾಗ, ಪವರ್ ಎಲ್ಲಾ ಹೇಳಿ ಮುಗಿಸಿರುತ್ತೆ. ನಿಮ್ಮದು ಅಷ್ಟು ಹೊತ್ತಿಗೆ ಇನ್ನೂ ಎರಡು ಅನ್ನೋದನ್ನೇ ಎಳೀತಾ ಇರುತ್ತೆ" ಅಂದ. ಲೆಕ್ಕ ತಪ್ಪಿರಲಿ ಅಂತ ನಾನೂ ಕಾಗದದ ಮೇಲೆ ಮಾಡಿ ನೋಡಿದೆ. ಸರಿಯಾಗೇ ಇತ್ತು.

ನಾನು ಮಾಡುವುದಕ್ಕೆ ಹ್ಯಾಮ್‌ಗಳು ಕ್ಯೂಆರ್‌ಎಸ್‌ಎಸ್ ಅನ್ನುತ್ತಾರೆ. ಒಂದು ಚುಕ್ಕೆಗೆ ಮೂರು ಸೆಕೆಂಡು, ಒಂದು ಗೆರೆಗೆ ಒಂಬತ್ತು. ಇದು ನಮ್ಮಲ್ಲಿ ಅವಸರದವರ ವೇಗ. ಆರು, ಹತ್ತು ಸೆಕೆಂಡಿನ ಚುಕ್ಕೆ ಹಾಕುವವರೂ ಇದ್ದಾರೆ. 136 ಕಿಲೋಹರ್ಟ್ಸ್‌ನಂಥ ತಗ್ಗಿನ ಬ್ಯಾಂಡಿನಲ್ಲಿ ಒಂದು ಚುಕ್ಕೆಗೆ ಎರಡು ನಿಮಿಷ ಕೊಡುವ ಪುಣ್ಯಾತ್ಮರಿದ್ದಾರೆ. ಇದನ್ನು ಕಿವಿಯಲ್ಲಿ ಕೇಳಲು ಆಗುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಕಾಲ ಎಡದಿಂದ ಬಲಕ್ಕೆ ಹೋಗುತ್ತಿರುತ್ತದೆ. ಸಿಗ್ನಲ್ ಒಂದು ಸಣ್ಣ ಗೆರೆಯಾಗಿ ಮೂಡುತ್ತದೆ, ಚುಕ್ಕೆ ಬಂದಾಗ ಐದಾರು ಹರ್ಟ್ಸ್ ಮೇಲೆ ಹತ್ತಿ ಇಳಿಯುತ್ತದೆ. ಅದನ್ನು ಕಣ್ಣಲ್ಲಿ ಓದಬೇಕು.

ಇಷ್ಟು ನಿಧಾನ ಯಾಕೆ? ಗದ್ದಲ ಬ್ಯಾಂಡಿನ ಉದ್ದಗಲಕ್ಕೂ ಹರಡಿಕೊಂಡಿರುತ್ತದೆ. ನಿಧಾನವಾಗಿ ಕಳಿಸಿದಷ್ಟೂ ಸಿಗ್ನಲ್ಲಿಗೆ ಬೇಕಾದ ಜಾಗ ಕಿರಿದಾಗುತ್ತದೆ, ಆ ಕಿರಿದಾದ ಸಂದಿಯೊಳಗೆ ಬರುವ ಗದ್ದಲವೂ ಕಡಿಮೆ. ಮಾಮೂಲಿಗಿಂತ ಮೂವತ್ತು ಪಟ್ಟು ನಿಧಾನ ಅಂದರೆ ಸುಮಾರು 15 ಡೆಸಿಬೆಲ್ ಲಾಭ. ಅಂದರೆ ನನ್ನ 200 ಮಿಲಿವಾಟ್ 6 ವಾಟಿನ ಕೆಲಸ ಮಾಡುತ್ತದೆ. ಪಕ್ಕದ ತೋಟದ ಗೌಡರು ಒಮ್ಮೆ "ನಿಮ್ಮ ಮಿಷಿನ್ನು ಎಷ್ಟು ವಾಟು?" ಅಂತ ಕೇಳಿದ್ದರು. ಹೇಳಿದೆ. ದೇವರ ಮನೆಯ ಜೀರೋ ಬಲ್ಬಿನ ಕಡೆ ನೋಡಿ, ಏನೂ ಮಾತಾಡದೆ ಕಾಫಿ ಮುಗಿಸಿ ಹೊರಟರು. ಊರಿನವರು ಅಲ್ಲಿಯವರೆಗೆ ನನ್ನನ್ನು ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಎಂಸಿಎಫ್‌ನವನು ಅಂತಲೇ ತಿಳಿದಿದ್ದರು. ಅಲ್ಲಿ 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. ಆ ಗೌರವವೂ ಅವತ್ತೇ ಹೋಯಿತು.

ಭಾಮೈದನ ವಿಸ್ಪರ್ ಬೇರೆ ಜಾತಿಯದು. 2008ರಲ್ಲಿ ಇದನ್ನು ಮಾಡಿದವರು ಜೋ ಟೇಲರ್. ಅವರಿಗೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿದೆ, ಜೋಡಿ ನಕ್ಷತ್ರದಲ್ಲಿ ಪಲ್ಸಾರ್ ಹುಡುಕಿದ್ದಕ್ಕೆ. ಎಲ್ಲೋ ದೂರದ ನಕ್ಷತ್ರದ ಟಿಕ್‌ಟಿಕ್ ಹೆಕ್ಕಿ ತೆಗೆದವರಿಗೆ ಹ್ಯಾಮ್‌ಗಳ ಪೀಚಲು ಸಿಗ್ನಲ್ ಯಾವ ಲೆಕ್ಕ? 50 ಬಿಟ್ ಮಾಹಿತಿಯನ್ನು 162 ತುಣುಕಾಗಿ ಹಿಗ್ಗಿಸಿ, ಒಂದಷ್ಟು ತುಣುಕು ದಾರಿಯಲ್ಲಿ ಕಳೆದುಹೋದರೂ ಉಳಿದದ್ದರಿಂದ ಪೂರ್ತಿ ಮಾತನ್ನು ಕಂಪ್ಯೂಟರ್ ಕಟ್ಟಿಕೊಳ್ಳುವ ಹಾಗೆ ಮಾಡಿದ್ದಾರೆ. ಕಿವಿಗೂ ಕಣ್ಣಿಗೂ ಏನೂ ಇಲ್ಲ ಅನ್ನಿಸುವ ಕಡೆಯಿಂದ ಅದು ಕಾಲ್‌ಸೈನ್ ಎತ್ತಿ ಕೊಡುತ್ತದೆ. ವಾದದಲ್ಲಿ ನಾನು ಸ್ವಲ್ಪ ಮೇಲುಗೈ ಆದರೆ ಸಾಕು, ಭಾಮೈದ ನೊಬೆಲ್ ಎತ್ತುತ್ತಾನೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಮ್ಮ ಮನೆ ಆಲೂರಿನಿಂದ ಸಕಲೇಶಪುರದ ಕಡೆಗೆ. ಹಾಸನದ ಅಪಾರ್ಟ್‌ಮೆಂಟಿನಲ್ಲಿ ತಂತಿ ಕಟ್ಟಲು ಬಿಡುವುದಿಲ್ಲ ಅಂತ ಅವನು ತನ್ನ ವಿಸ್ಪರ್ ರಿಸೀವರನ್ನು ನಮ್ಮ ಮನೆಯಲ್ಲೇ ಇಟ್ಟಿದ್ದಾನೆ. ಅಂಗೈಯಗಲದ ಒಂದು ಕಂಪ್ಯೂಟರು, ಅದಕ್ಕೊಂದು ರೇಡಿಯೋ, ಎರಡು ಸಿಲ್ವರ್ ಮರದ ನಡುವೆ ಹದಿನಾಲ್ಕು ಮೀಟರ್ ತಂತಿ. ನನ್ನ ತಂತಿ ಅದರ ಪಕ್ಕದಲ್ಲೇ. ಇಬ್ಬರ ಫ್ರೀಕ್ವೆನ್ಸಿಯೂ ಒಂದೇ ಬೇಲಿಯ ಆಚೆ ಈಚೆ. 10.140 ಮೆಗಾಹರ್ಟ್ಸ್ ಸುತ್ತಮುತ್ತ ನಾವು ನಿಧಾನಸ್ಥರು, ಅದಕ್ಕೆ ತಾಗಿಕೊಂಡು ಮೇಲೆ ವಿಸ್ಪರಿನವರು. ನಾನು ಕಳಿಸುವಾಗ ಅವನ ರೇಡಿಯೋ ಕಿವುಡಾಗುತ್ತದೆ. ಹಾಗಾಗಿ ರಾತ್ರಿಗಳನ್ನು ಹಂಚಿಕೊಂಡಿದ್ದೇವೆ.

ಜಗಳ ಶುರುವಾಗಿದ್ದು ಅಡುಗೆಮನೆಯಿಂದ. ಮಿಕ್ಸಿ ತಿರುಗಿದರೆ ಪರದೆಯೆಲ್ಲ ಬಿಳಿ. ವಿಸ್ಪರ್ ಪ್ರತಿ ಸಮ ನಿಮಿಷಕ್ಕೆ, ಒಂದು ಸೆಕೆಂಡು ದಾಟಿದ ಮೇಲೆ ಶುರುವಾಗುತ್ತದೆ. ಎರಡು ನಿಮಿಷದಲ್ಲಿ 110.6 ಸೆಕೆಂಡು ಅದಕ್ಕೇ ಹೋಯಿತು. ಉಳಿದದ್ದು ಒಂಬತ್ತು ಚಿಲ್ಲರೆ. ಭಾಮೈದ ಗೋಡೆ ಗಡಿಯಾರ ತೋರಿಸಿ ನನ್ನ ಹೆಂಡತಿಗೆ ವಿವರಿಸಿದ: "ಅಕ್ಕ, ಈ ಮುಳ್ಳು ಇಲ್ಲಿಗೆ ಬಂದಾಗ ಹಾಕು, ಇಲ್ಲಿಗೆ ಬರೋದ್ರೊಳಗೆ ನಿಲ್ಲಿಸು. ಒಂಬತ್ತು ಸೆಕೆಂಡು ಆರಾಮಾಗಿ ಸಿಗುತ್ತೆ."

"ಒಂಬತ್ತು ಸೆಕೆಂಡಲ್ಲಿ ಯಾವ ಚಟ್ನಿ ಆಗುತ್ತೋ?"

"ಒಂದೇ ಸಲ ಬೇಡ. ಎರಡು ನಿಮಿಷ ಬಿಟ್ಟು ಇನ್ನೊಂದು ಒಂಬತ್ತು ಸೆಕೆಂಡು ಹಾಕು."

ಅವಳು ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ತುಂಬಿದ ಜಾರನ್ನು ಹಾಗೇ ತಂದು ಅವನ ಕೈಗೆ ಕೊಟ್ಟಳು. ಅವತ್ತು ಅಕ್ಕಿರೊಟ್ಟಿಯ ಜೊತೆ ತಿಂದದ್ದು ಡಿಜಿಟಲ್ ಚಟ್ನಿ. ಕಾಯಿಚೂರು ಹಲ್ಲಿಗೆ ಸಿಗುತ್ತಿತ್ತು. ನನ್ನ ಮೋರ್ಸಿಗೆ ಈ ತಾಪತ್ರಯ ಇಲ್ಲ. ಇಪ್ಪತ್ತು ಸೆಕೆಂಡು ಮಿಕ್ಸಿ ಓಡಿದರೆ ಎರಡು ಮೂರು ಚುಕ್ಕೆ ಮುಚ್ಚಿಹೋಗುತ್ತವೆ. ಆಚೆ ಈಚೆ ನೋಡಿ ಕಣ್ಣೇ ತುಂಬಿಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ಹೆಂಡತಿ ನನ್ನ ಪಕ್ಷ.

ಅವ್ವ ಯಾರ ಪಕ್ಷವೂ ಅಲ್ಲ. ಅವಳಿಗೆ ಕೋಪ ಬಂದದ್ದು ಗ್ರಿಡ್ ವಿಷಯಕ್ಕೆ. ಹ್ಯಾಮ್‌ಗಳು ಭೂಮಿಯನ್ನು ಎರಡು ಡಿಗ್ರಿ ಅಗಲ, ಒಂದು ಡಿಗ್ರಿ ಎತ್ತರದ ಚೌಕಗಳಾಗಿ ಹಂಚಿಕೊಂಡಿದ್ದಾರೆ. ವಿಸ್ಪರ್ ಕಳಿಸುವುದು ಆ ಚೌಕದ ಹೆಸರನ್ನೇ. 13 ಡಿಗ್ರಿ ಅಕ್ಷಾಂಶ, 76 ಡಿಗ್ರಿ ರೇಖಾಂಶ ಸೇರುವ ಮೂಲೆ ನಮ್ಮ ಆಲೂರಿನ ಹತ್ತಿರವೇ ಇದೆ. ನಾಲ್ಕು ಚೌಕ ಅಲ್ಲಿ ಕೂಡುತ್ತವೆ. ಹಾಗಾಗಿ ಹಾಸನ ಪಟ್ಟಣ ಎಂಕೆ83, ತುಮಕೂರಿನ ಜೊತೆ. ಹೊಳೆನರಸೀಪುರ ಎಂಕೆ82, ಮಧ್ಯ ಬೆಂಗಳೂರಿನ ಜೊತೆ. ಬೇಲೂರು, ಚಿಕ್ಕಮಗಳೂರು ಎಂಕೆ73, ಉಡುಪಿಯ ಜೊತೆ. ನಮ್ಮ ಮನೆ ಎಂಕೆ72. ಅದರಲ್ಲಿ ಮಂಗಳೂರಿದೆ.

"ನಮ್ಮನ್ನ ಯಾವಾಗ ಮಂಗಳೂರಿಗೆ ಸೇರಿಸಿದ್ರು? ರೇಷನ್ ಕಾರ್ಡಿಗೂ ಅಲ್ಲೀಗೆ ಹೋಗ್ಬೇಕಾ?" ಅಂದಳು ಅವ್ವ. ಎಷ್ಟು ಹೇಳಿದರೂ ಒಪ್ಪಲಿಲ್ಲ. ಆಮೇಲೆ ಬಂದ ನೆಂಟರಿಗೆಲ್ಲ, ಸೊಸೆಯ ತಮ್ಮ ನಮ್ಮ ತಾಲ್ಲೂಕನ್ನೇ ಬದಲಾಯಿಸಿಬಿಟ್ಟ ಅಂತ ಹೇಳಿಕೊಂಡು ಬಂದಳು.

ನನಗೆ ನಿಧಾನದ ಮೋರ್ಸ್ ಯಾಕೆ ಇಷ್ಟ ಅಂದರೆ, ಅದು ಅಂಕೆ ಕೊಡುವುದಿಲ್ಲ, ಚಿತ್ರ ಕೊಡುತ್ತದೆ. ವಿಸ್ಪರ್ ನೋಡಿ: ಇಂಥವರು, ಇಷ್ಟು ಗಂಟೆಗೆ, ಮೈನಸ್ 24, ಅಂದರೆ ಗದ್ದಲಕ್ಕಿಂತ ಅಷ್ಟು ಡೆಸಿಬೆಲ್ ಕೆಳಗೆ. ಮುಗಿಯಿತು. ಸಿಕ್ಕಿದರೆ ಪೂರ್ತಿ ಸಿಗುತ್ತದೆ, ಇಲ್ಲದಿದ್ದರೆ ಸೊನ್ನೆ. ಮೋರ್ಸಿನಲ್ಲಿ ಅರ್ಧ ಸಿಕ್ಕವರೂ ಇರುತ್ತಾರೆ. ಒಂದು ವಿ ಕಂಡು ಮಾಯವಾದವರು, ಬಾಗಿ ಬಾಗಿ ಹೋಗುವವರು.

ಬಾಗುವುದರಲ್ಲಿ ನಾನೇ ಮುಂದು. ನನ್ನ ಟ್ರಾನ್ಸ್‌ಮಿಟರ್ ಇರುವುದು ಹಳೇ ಬಿಸ್ಕೆಟ್ ಡಬ್ಬಿಯಲ್ಲಿ, ಡಬ್ಬಿ ಇರುವುದು ಬಚ್ಚಲುಮನೆಯ ಗೋಡೆಯ ಈಚೆ ಬದಿಯ ಶೆಲ್ಫಿನಲ್ಲಿ. ಗೋಡೆಯ ಆಚೆ ಬದಿ ಹಂಡೆ ಒಲೆ. 10 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು ಹೆಚ್ಚುಕಮ್ಮಿಯಾದರೂ ಹತ್ತು ಹರ್ಟ್ಸ್ ಜಾರುತ್ತದೆ. ನಮ್ಮ ಮೈದಾನ ಇರುವುದೇ ನೂರು ಚಿಲ್ಲರೆ ಹರ್ಟ್ಸ್. ಒಲೆ ಉರಿ ಹಾಕಿದರೆ ಗೋಡೆ ಬಿಸಿ, ಗೋಡೆ ಬಿಸಿಯಾದರೆ ಡಬ್ಬಿ ಬಿಸಿ, ಡಬ್ಬಿ ಬಿಸಿಯಾದರೆ ನನ್ನ ಗೆರೆ ಮೆಲ್ಲಗೆ ಇಳಿಜಾರು. ಪರದೆಯ ಚಿತ್ರವನ್ನು ಹಗಲೂ ರಾತ್ರಿ ಸೆರೆಹಿಡಿದು ಇಂಟರ್‌ನೆಟ್‌ಗೆ ಹಾಕುವ ಹ್ಯಾಮ್‌ಗಳು ಅಲ್ಲಲ್ಲಿ ಇದ್ದಾರೆ. ಇಟಲಿಯ ಅಂಥ ಒಬ್ಬರು ಮೇಲ್ ಬರೆದಿದ್ದರು: ನಿಮ್ಮ ಸಿಗ್ನಲ್ ದಿನಾ ಬೆಳಿಗ್ಗೆ ಆರರ ಹೊತ್ತಿಗೆ ಜಾರುತ್ತದೆ, ಭಾನುವಾರ ಮಾತ್ರ ಎಂಟಕ್ಕೆ. ಅಲ್ಲಿ ಏನು ನಡೆಯುತ್ತದೆ?

ಸ್ನಾನ ಅಂತ ಬರೆದೆ. ಅದನ್ನು ಕೇಳಿ ಹೆಂಡತಿ ಹೌಹಾರಿದಳು. "ನಾವು ಯಾವಾಗ ಸ್ನಾನ ಮಾಡ್ತೀವಿ ಅಂತ ಇಟಲಿಯವರಿಗೆ ಗೊತ್ತಾ?" ಆ ದಿನವೇ ಡಬ್ಬಿ ಹಾಲ್‌ಗೆ ಬಂತು. ಚಿತ್ರ ನೇರವಾಯಿತು. ನನಗೇನೋ ಬೇಜಾರಾಯಿತು. ಇಟಲಿಯವರಿಗೂ ಆಗಿರಬೇಕು, ಮತ್ತೆ ಮೇಲ್ ಬರಲಿಲ್ಲ.

ಡಿಜಿಟಲ್‌ಗೆ ಒಲೆಗಿಂತ ಗಡಿಯಾರದ ಕಾಟ ಜಾಸ್ತಿ. ವಿಸ್ಪರ್ ಇರಲಿ, 15 ಸೆಕೆಂಡಿನ ಸರದಿಯಲ್ಲಿ ಓಡುವ ಎಫ್‌ಟಿ8 ಅನ್ನುವ ಇನ್ನೊಂದು ಡಿಜಿಟಲ್ ಪದ್ಧತಿ ಇರಲಿ, ಎರಡೂ ಕಡೆಯ ಗಡಿಯಾರ ಒಂದೆರಡು ಸೆಕೆಂಡಿಗಿಂತ ಜಾಸ್ತಿ ಆಚೀಚೆ ಆಗಬಾರದು. ಭಾಮೈದನ ಅಂಗೈ ಕಂಪ್ಯೂಟರಿನಲ್ಲಿ ಗಡಿಯಾರದ ಬ್ಯಾಟರಿಯೇ ಇಲ್ಲ. ಸಮಯವನ್ನು ಇಂಟರ್‌ನೆಟ್‌ನಿಂದ ಕೇಳಿ ತಿಳಿದುಕೊಳ್ಳುತ್ತದೆ. ನಮ್ಮ ಕಡೆ ಮಳೆಗಾಲ ಗೊತ್ತಲ್ಲ. ಮೊದಲು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕು. ಕರೆಂಟ್ ವಾಪಸ್ ಬರುತ್ತದೆ, ನೆಟ್‌ವರ್ಕ್ ಬರುವುದಿಲ್ಲ. ಕಂಪ್ಯೂಟರ್ ಎದ್ದು ಕೂತು, ಇನ್ನೂ ಕರೆಂಟ್ ಹೋದ ಗಳಿಗೆಯೇ ನಡೆಯುತ್ತಿದೆ ಅಂದುಕೊಂಡು ಕೆಲಸ ಶುರು ಮಾಡುತ್ತದೆ. ಭಾಮೈದ ಭಾನುವಾರ ಬಂದು ನೋಡಿದರೆ ಪರದೆಯ ತುಂಬ ಸಿಗ್ನಲ್ಲು, ಪಟ್ಟಿಯಲ್ಲಿ ಒಂದೂ ಹೆಸರಿಲ್ಲ. ಮಳೆಯಲ್ಲೇ ಮರ ಹತ್ತಿಸಿ ತಂತಿ ಇಳಿಸಿದ, ಬೆಸುಗೆ ಬಿಚ್ಚಿದ, ಹೊಸ ಕೇಬಲ್ ಎಳೆದ. ಸಂಜೆಗೆ ಅವ್ವ, "ನಿನ್ನ ಡಬ್ಬ ಯಾಕೋ ಇನ್ನೂ ಮಂಗಳವಾರ ಅಂತಿದೆ?" ಅಂದಳು.

ಆದರೆ ಇಬ್ಬರನ್ನೂ ಒಟ್ಟಿಗೆ ಸೋಲಿಸಿದ್ದು ಗೌಡರ ಸೋಲಾರ್ ಬೇಲಿ. ಆನೆ ಕಾಟಕ್ಕೆ ಹಾಕಿಸಿದ್ದು. ಸುಮಾರು ಸೆಕೆಂಡಿಗೊಂದರಂತೆ ಶಾಕ್ ಹರಿಸುತ್ತದೆ. ತಂತಿಗೆ ಒದ್ದೆ ಬಳ್ಳಿ ತಾಗಿದ ಕಡೆಯೆಲ್ಲ ಸಣ್ಣ ಕಿಡಿ. ಒಂದೊಂದು ಕಿಡಿಯೂ ನನ್ನ ಪರದೆಯಲ್ಲಿ ಒಂದೊಂದು ಉದ್ದ ಬಿಳಿ ಗೀರು, ಮೇಲಿಂದ ಕೆಳಗಿನವರೆಗೆ. ಬಳ್ಳಿ ಸವರಿಸಿ ಅಂತ ಕೇಳಿಕೊಂಡೆ. "ಕೊಯ್ಲು ಮುಗೀಲಿ ತಡೀರಿ" ಅಂದರು. ಅವರ ಪ್ರಕಾರ ಬೇಲಿ ಟಿಕ್ ಅನ್ನುತ್ತಿದ್ದರೆ ಬೇಲಿ ಚೆನ್ನಾಗಿದೆ ಅಂತ ಅರ್ಥ. ಅದೂ ನಿಜವೇ.

ಒಂದು ರಾತ್ರಿ, ಅದು ನಾನು ಸುಮ್ನೆ ನೋಡುವ ಸರದಿ, ಹನ್ನೊಂದರ ಸುಮಾರಿಗೆ ಗೀರುಗಳು ನಿಂತವು. ಒಂದೂ ಇಲ್ಲ. ಪರದೆ ಕಡುನೀಲಿ. ಸ್ವಲ್ಪ ಹೊತ್ತಿಗೆ ಅದರೊಳಗಿಂದ ಗೆರೆಗಳು ಏಳತೊಡಗಿದವು. ಅಷ್ಟು ದಿನ ಗೀರಿನ ಹಿಂದೆ ಇಷ್ಟು ಜನ ಇದ್ದರು ಅಂತಲೇ ನನಗೆ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಒಂದು ಗೆರೆ ಎಷ್ಟು ತೆಳುವಾಗಿತ್ತೆಂದರೆ ನೇರ ನೋಡಿದರೆ ಕಾಣುತ್ತಿರಲಿಲ್ಲ, ಕುರ್ಚಿ ಹಿಂದೆ ಸರಿಸಿ ಓರೆಗಣ್ಣಲ್ಲಿ ನೋಡಬೇಕಿತ್ತು. ಮೂರು ಸಲ ಸುತ್ತು ಬಂದ ಮೇಲೆ ಪೂರ್ತಿ ಹೆಸರು ಸಿಕ್ಕಿತು. ನಾಯಿ ಬೊಗಳುತ್ತಿತ್ತು. ಫೋನಿನಲ್ಲಿ ಊರಿನ ಗುಂಪಿಗೆ ಏನೋ ಮೆಸೇಜ್ ಬಂದ ಸದ್ದೂ ಆಯಿತು. ಯಾರಿಗೆ ಬೇಕು?

ಬೆಳಿಗ್ಗೆ ನೋಡಿದರೆ ಒಂಟಿ ಸಲಗ ಒಂದು ಸಿಲ್ವರ್ ಮರವನ್ನು ಬೇಲಿಯ ಮೇಲೆ ಕೆಡವಿ, ಅದರ ಮೇಲೇ ದಾಟಿ ಬಂದು, ಗೌಡರ ಬಾಳೆ ಮುಗಿಸಿ ಹೋಗಿತ್ತು. ಗೌಡರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ರಾತ್ರಿಯೆಲ್ಲ ನಿಮ್ಮನೆ ಲೈಟ್ ಉರೀತಿತ್ತು. ನಿಮಗೇನೂ ಗೊತ್ತಾಗ್ಲಿಲ್ವಾ?" ಅಂದರು. ಬೇಲಿ ಎಷ್ಟು ಹೊತ್ತಿಗೆ ಸತ್ತಿತು ಅಂತ ನಾನು ನಿಮಿಷ ಸಮೇತ ಹೇಳಬಲ್ಲವನಾಗಿದ್ದೆ. ಹೇಳಲಿಲ್ಲ.

ಅಷ್ಟರಲ್ಲಿ ಹಾಸನದಿಂದ ಫೋನು. "ಭಾವ, ರಾತ್ರಿ ಅಂಕೆ ನೋಡಿದ್ರಾ? ಮೈನಸ್ 24 ಇದ್ದೋರೆಲ್ಲ ಮೈನಸ್ 15! ಮೊನ್ನೆ ಹಾಕಿದ ಹೊಸ ಬಾಲನ್ ಪ್ರಭಾವ. ದುಡ್ಡು ಕೊಟ್ಟಿದ್ದಕ್ಕೂ ಸಾರ್ಥಕ ಆಯ್ತು." ಬಾಲನ್ ಅಂದರೆ ತಂತಿಗೂ ಕೇಬಲ್ಲಿಗೂ ನಡುವಿನ ಜೋಡಣೆ. ಅವನ ಖುಷಿ ಯಾಕೆ ಕೆಡಿಸಬೇಕು ಅಂತ ಸುಮ್ಮನಿದ್ದೆ. ಬೇಲಿ ರಿಪೇರಿಯಾಯಿತು, ಗೀರುಗಳು ವಾಪಸ್ ಬಂದವು, ಅಂಕೆ ಮತ್ತೆ ಮೈನಸ್ 24ಕ್ಕೆ ಬಿತ್ತು. ಭಾನುವಾರ ಬಂದು ಬಾಲನ್ ಬಿಚ್ಚಿದ, ಬಿಸಿಲಿಗಿಟ್ಟ, ಮತ್ತೆ ಹಾಕಿದ, ಮತ್ತೆ ಬಿಚ್ಚಿದ. ದೂರದ ಸಿಗ್ನಲ್ಲಿನ ಮೇಲೆ ಸೂರ್ಯನ ಪ್ರಭಾವವೂ ಇರುತ್ತದಲ್ಲ, ಕೊನೆಗೆ ಲ್ಯಾಪ್‌ಟಾಪ್ ತೆರೆದು ಜಗಲಿಯಲ್ಲಿ ಕೂತು ಆ ವಾರದ ಸೂರ್ಯನ ಕಲೆಗಳ ಲೆಕ್ಕ ತೆಗೆದ.

"ಬಾಲನ್ ಅಲ್ಲ ಭಾವ. ಆ ರಾತ್ರಿ ಸೂರ್ಯನಲ್ಲೇ ಏನೋ ಆಗಿದೆ."

ಒಳಗಿಂದ ಅವನಕ್ಕ ಮಿಕ್ಸಿ ನಿಲ್ಲಿಸಿ ಕೂಗಿದಳು: "ಸೂರ್ಯ ಅಲ್ಲ ಕಣೋ, ಸಲಗ!"