ಬೋರ್ಡು ಇಲ್ಲದಿದ್ದರೆ ವಾಸನೆಯೂ ಇಲ್ಲ

ಮಂಗಳೂರಿನ ನಮ್ಮ ವಾರ್ಡಿಗೆ ಕೊಳಚೆನೀರು ಶುದ್ಧೀಕರಣ ಘಟಕವೊಂದು ಬರಲಿದೆ ಎಂಬ ಸುದ್ದಿ ಹಬ್ಬಿದ ಮರುದಿನವೇ ಅದನ್ನು ವಿರೋಧಿಸುವ ಸಭೆ ನಮ್ಮ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಜರುಗಿತು. ಸಭಾಂಗಣದ ಬೆನ್ನಿಗೇ ತೋಡು ಹರಿಯುತ್ತದೆ. ಅದರ ನಾತ ಒಳಗೆ ಬಾರದಿರಲೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಎಸಿ ಹಾಕಿಕೊಂಡು, ಮುಂದೆಂದೋ ಕಟ್ಟಲಾಗುವ ಘಟಕದಿಂದ ಬರಬಹುದಾದ ನಾತದ ಕುರಿತು ಎರಡು ಗಂಟೆಗಳ ಕಾಲ ತೀವ್ರ ಕಳವಳ ವ್ಯಕ್ತಪಡಿಸಲಾಯಿತು. ಚಹಾ ಮತ್ತು ಗೋಳಿಬಜೆಯ ವ್ಯವಸ್ಥೆ ಚೆನ್ನಾಗಿತ್ತು.

ತೋಡಿನಲ್ಲಿ ಹರಿಯುತ್ತಿರುವುದು ಯಾರ ಮನೆಯದು ಎಂದು ನಾನು ಕೇಳಿದೆ. ಸಭೆಯ ಗಾಂಭೀರ್ಯ ಕೆಡಿಸುವ ಚಾಳಿ ನನಗೆ ಮೊದಲಿನಿಂದಲೂ ಇದೆ. “ಅದು ಮಳೆನೀರಿನ ತೋಡು ಮಾರಾಯ್ರೇ” ಎಂದು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಸಮಾಧಾನ ಹೇಳಿದರು. ಆಗ ಏಪ್ರಿಲ್ ತಿಂಗಳು. ತಿಂಗಳುಗಟ್ಟಲೆ ಹನಿ ಮಳೆ ಬಿದ್ದಿರಲಿಲ್ಲ. ಆದರೂ ತೋಡು ಕಪ್ಪಗೆ, ನೊರೆ ಕಟ್ಟಿಕೊಂಡು, ಆಷಾಢದ ಹುರುಪಿನಲ್ಲಿ ಸಾಗುತ್ತಿತ್ತು. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎಂಬುದು ಸರ್ಕಾರಿ ಮಾನದಂಡ. ಅದರಲ್ಲಿ ಸುಮಾರು ಶೇ. 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ನಮ್ಮ 120 ಮನೆಗಳಲ್ಲಿ ತಲಾ ನಾಲ್ವರೆಂದು ಹಿಡಿದರೂ ದಿನವೊಂದಕ್ಕೆ 50,000 ಲೀಟರ್ ದಾಟುತ್ತದೆ. ಇಷ್ಟು ನೀರು ಫ್ಲಶ್ ಒತ್ತಿದ ಕ್ಷಣದಲ್ಲಿ ಮೋಕ್ಷ ಪಡೆಯುತ್ತದೆ ಎಂದು ನಂಬುವ ಸಮಾಜವನ್ನು ನಾಸ್ತಿಕವೆಂದು ಯಾರೂ ದೂರಲಾರರು.

ಹಾಗೆಂದು ನಮ್ಮಲ್ಲಿ ಘಟಕ ಇಲ್ಲವೆಂದಲ್ಲ. ನೆಲಮಾಳಿಗೆಯಲ್ಲಿ, ಕಾರುಗಳ ಹಿಂದೆ, ಪರವಾನಗಿ ಸಿಗಲೆಂದು ಕಟ್ಟಿಸಿದ ನಮ್ಮದೇ ಪುಟ್ಟ ಘಟಕವೊಂದಿದೆ. ಕೊಳಚೆಯನ್ನು ತಿಂದು ಕರಗಿಸುವುದು ಅದರ ತೊಟ್ಟಿಯಲ್ಲಿರುವ ಸೂಕ್ಷ್ಮಜೀವಿಗಳು. ಅವು ಬದುಕಿರಬೇಕಾದರೆ ಬ್ಲೋವರ್ ಹಗಲಿರುಳೂ ಗಾಳಿ ಊದುತ್ತಿರಬೇಕು. ಊದಿದರೆ ಕರೆಂಟ್ ಬಿಲ್ ಏರುತ್ತದೆ. ಆದ್ದರಿಂದ ಕಾರ್ಯಕಾರಿ ಸಮಿತಿಯು, ತಪಾಸಣೆಗೆ ಬರುವವರಿದ್ದರೆ ಮಾತ್ರ ಬ್ಲೋವರ್ ಚಾಲೂ ಮಾಡುವುದೆಂದು ಸರ್ವಾನುಮತದಿಂದ ನಿರ್ಣಯಿಸಿತು. ತಪಾಸಣೆಯ ದಿನದವರೆಗೆ ಉಸಿರು ಬಿಗಿಹಿಡಿದು ಕಾಯುವಂತೆ ಸೂಕ್ಷ್ಮಜೀವಿಗಳಿಗೆ ಯಾರಾದರೂ ತಿಳಿಸಿದ್ದಾರೆಯೇ ಎಂಬುದು ನಡಾವಳಿ ಪುಸ್ತಕದಲ್ಲಿ ದಾಖಲಾಗಿಲ್ಲ.

ಮಳೆಗಾಲದ ಕಥೆ ಇದಕ್ಕಿಂತ ರಸವತ್ತಾದುದು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ತಾರಸಿಯ ನೀರನ್ನು ಒಳಚರಂಡಿಯ ಚೇಂಬರಿಗೂ, ಒಳಚರಂಡಿಗೆ ಹೋಗಬೇಕಾದುದನ್ನು ಮಳೆನೀರಿನ ತೋಡಿಗೂ ಜೋಡಿಸುವ ಕಲೆ ನಮಗೆ ಕರಗತವಾಗಿದೆ. ಜೂನ್ ತಿಂಗಳಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಹಾರಿ ಕಾರಂಜಿ ಎದ್ದಾಗ ನಾವು ಅದರ ವಿಡಿಯೊ ತೆಗೆದು, “ಇದೇನಾ ಸ್ಮಾರ್ಟ್ ಸಿಟಿ?” ಎಂದು ಬರೆದು ಹಂಚುತ್ತೇವೆ. ಪೈಪು ಜೋಡಿಸಿದ ಪ್ಲಂಬರ್ ಕೂಡ ಅದಕ್ಕೆ ಲೈಕ್ ಒತ್ತುತ್ತಾನೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಹೊಳೆದದ್ದಿಷ್ಟೆ: ನಮ್ಮ ತಕರಾರು ಕೊಳಚೆಯ ಮೇಲಲ್ಲ, ಬೋರ್ಡಿನ ಮೇಲೆ. ತೋಡಿಗೆ ಬೋರ್ಡಿಲ್ಲ, ಆದುದರಿಂದ ಅದು ಪ್ರಕೃತಿ. ಶುದ್ಧೀಕರಣ ಘಟಕದ ಗೇಟಿನಲ್ಲಿ ಆರಡಿ ಅಗಲದ ಬೋರ್ಡಿರುತ್ತದೆ, ಆದುದರಿಂದ ಅದು ಕೊಳಚೆ; ಫ್ಲಾಟಿನ ದರವೂ ಬೀಳುತ್ತದೆ. (ಕೊಳಚೆಯನ್ನು ಕೂಡಿಸಿಕೊಂಡು ಮುಂದಕ್ಕೆ ಪಂಪ್ ಮಾಡಬೇಕಾದ, ಆದರೆ ಕೆಟ್ಟು ನಿಂತ ವೆಟ್‌ವೆಲ್ಲಿನ ಪಕ್ಕದಲ್ಲಿ ಬಾಳುವೆ ಮಾಡಿದವರ ಸಿಟ್ಟು ಬೇರೆ, ಅದನ್ನು ನೋಡಿ ನಗುವಂತಿಲ್ಲ. ನಮ್ಮ ಸಭೆಯಲ್ಲಿ ಅಂಥವರು ಯಾರೂ ಇರಲಿಲ್ಲ.)

ಸಭೆಯು ಪರ್ಯಾಯವನ್ನೂ ಸೂಚಿಸಿತು. “ಪಚ್ಚನಾಡಿಯಲ್ಲಿ ಮಾಡಲಿ, ಅಲ್ಲಿಯವರಿಗೆ ಅಭ್ಯಾಸವಿದೆ” ಎಂದು ಒಬ್ಬರು ಅತ್ಯಂತ ಸೌಜನ್ಯದಿಂದ ನುಡಿದರು. ಇಡೀ ನಗರದ ಕಸ ಗುಡ್ಡವಾಗಿ ಬೆಳೆದು, 2019ರ ಆಗಸ್ಟ್ ಮಳೆಗೆ ಜಾರಿ ಮಂದಾರವೆಂಬ ಊರಿನ ಮನೆಗಳನ್ನೂ ಅಡಕೆ ತೋಟಗಳನ್ನೂ ನುಂಗಿದ್ದು ಅಲ್ಲಿಯೇ. ಶುದ್ಧೀಕರಣ ಘಟಕವೊಂದು ಅಲ್ಲಿ ಈಗಾಗಲೇ ಇದೆ. ಅಭ್ಯಾಸ ಇದ್ದೇ ಇರುತ್ತದೆ.

ಶುದ್ಧೀಕರಿಸಿದ ನೀರನ್ನು ತೋಟಕ್ಕೆ ಬಿಡಬಹುದಲ್ಲ ಎಂಬ ಮಾತು ಬಂದಾಗ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡರು. ಆ ನೀರು ತುಳಸಿಗೆ ತಾಗಿದರೆ ಮಡಿಯ ಗತಿಯೇನು? ಕಾವೂರಿನ ಘಟಕದ ನೀರನ್ನು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗಳು ಬಳಸುತ್ತವಂತೆ. ಯಂತ್ರಗಳಿಗೆ ಮಡಿ ಇಲ್ಲ, ಬಳಸಲಿ. ನಮಗೆ ತುಂಬೆಯ ಅಣೆಕಟ್ಟಿನ ನೇತ್ರಾವತಿಯೇ ಆಗಬೇಕು. ಅದು ಧರ್ಮಸ್ಥಳದ ಸ್ನಾನಘಟ್ಟ, ಉಪ್ಪಿನಂಗಡಿ ಮತ್ತು ಬಂಟ್ವಾಳಗಳನ್ನು ದಾಟಿ, ಅಲ್ಲಲ್ಲಿ ಸಿಕ್ಕ ಸಕಲವನ್ನೂ ಸ್ವೀಕರಿಸಿಕೊಂಡೇ ತುಂಬೆಗೆ ತಲಪುತ್ತದೆ. ಆದರೆ ಆ ದಾರಿಯಲ್ಲೆಲ್ಲೂ ಬೋರ್ಡಿಲ್ಲ. 2019ರ ಬೇಸಿಗೆಯಲ್ಲಿ ತುಂಬೆ ಬರಿದಾಗಿ ರೇಷನಿಂಗ್ ಬಂದಾಗಲೂ ನಾವು ಟ್ಯಾಂಕರಿನವನ ಬಳಿ ನೀರಿನ ಕುಲಗೋತ್ರ ವಿಚಾರಿಸಿರಲಿಲ್ಲ.

ಕೊನೆಗೆ ಮನವಿಪತ್ರಕ್ಕೆ ಎಲ್ಲರೂ ಸಹಿ ಹಾಕಿ ಕೆಳಗಿಳಿದೆವು. ತೋಡಿನ ಕಿರುಸೇತುವೆಯ ಮೇಲೆ ಎಲ್ಲರ ಕೈಯೂ ಒಟ್ಟಿಗೇ ಮೂಗಿಗೆ ಹೋಯಿತು. ಅಲ್ಲಿಯೇ ನಿಂತು, ಕರವಸ್ತ್ರದ ಮರೆಯಿಂದಲೇ ಅಧ್ಯಕ್ಷರು ಮನವಿಗೆ ಇನ್ನೊಂದು ಸಾಲು ಸೇರಿಸಲು ಕಾರ್ಯದರ್ಶಿಗೆ ಹೇಳಿದರು: ಈ ತೋಡಿಗೆ ಉದ್ದಕ್ಕೂ ಕಾಂಕ್ರೀಟ್ ಸ್ಲ್ಯಾಬ್ ಹಾಸಿಕೊಡಬೇಕು. ಕಾರ್ಯದರ್ಶಿ ತಲೆದೂಗಿ, ಹನ್ನೆರಡು ಕಾರು ನಿಲ್ಲಿಸಬಹುದು ಎಂದು ಅಂದಾಜು ಹೇಳಿದರು.